ಮಯಸಭೆಯೂ ಮಲ್ಲಕಂಬವೂ

(ಸಂಘದ ರಾಜ್ಯೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ವೇದಿಕೆಯ ಮೇಲೆ ನಾಡು ನುಡಿಗಳನ್ನು ಕುರಿತು ಮಾತನಾಡುವುದು ವಾಡಿಕೆ. ಆ ವಿಷಯಗಳನ್ನು ನಮಗಿಂತ ಚೆನ್ನಾಗಿ ಬಲ್ಲವರು ಈ ಸಭೆಯಲ್ಲಿ ಅನೇಕರಿದ್ದಾರೆ. ಆದುದರಿಂದ ಕಾರ್ಯಕಾರಿ ಸಮಿತಿಯವರ ಅಪ್ಪಣೆ ಪಡೆದು ನಾವು ಬೇರೊಂದು ವಿಷಯವನ್ನು ಆರಿಸಿಕೊಂಡಿದ್ದೇವೆ. ಕಣ್ಣು ಕಾಣದವರು, ಅಥವಾ ಕಣ್ಣು ಮಂದವಾದವರು, ಬೀಳದೆ ನಿಲ್ಲುವುದೂ ನಡೆಯುವುದೂ ಹೇಗೆ? ಈಚೆಗೆ ಬಂದಿರುವ ವರ್ಚುವಲ್ ರಿಯಾಲಿಟಿ ಎಂಬ ಯಂತ್ರವಿದ್ಯೆ ಅದಕ್ಕೆ ಎಷ್ಟರಮಟ್ಟಿಗೆ ನೆರವಾದೀತು? ಇದೇ ಆ ವಿಷಯ. ನಾವು ವೈದ್ಯರಲ್ಲ, ಯಂತ್ರಶಾಸ್ತ್ರಜ್ಞರೂ ಅಲ್ಲ. ಬಿ.ಕಾಂ. ಓದಿ ಬ್ಯಾಂಕಿನಲ್ಲಿ ಲೆಕ್ಕ ಬರೆಯುವವರು. ಆದರೆ ನಮ್ಮ ಮೇಜಿನ ಪಕ್ಕದ ಮೇಜಿನಲ್ಲಿ ದೃಷ್ಟಿಹೀನ ಸಹೋದ್ಯೋಗಿಯೊಬ್ಬರು ಕೆಲಸ ಮಾಡುತ್ತಾರೆ. ಅವರಿಂದಾಗಿ ಈ ವಿಷಯವನ್ನು ಓದಿ ತಿಳಿಯುವ ಹಂಬಲ ಹುಟ್ಟಿತು. ತಿಳಿದಷ್ಟನ್ನು ತಮ್ಮ ಮುಂದಿಡುತ್ತೇವೆ.

ದಿನದ ಕೊನೆಗೆ ಕಿರ್ದಿಯ ಶಿಲ್ಕು ತಾಳೆಯಾಗದಿದ್ದರೆ ಬ್ಯಾಂಕಿನವನಿಗೆ ಮನೆಯ ದಾರಿಯಿಲ್ಲ ಎಂಬುದು ತಮಗೆಲ್ಲ ಗೊತ್ತು. ನಾವು ದಿನಕ್ಕೊಮ್ಮೆ ನೋಡುವ ಈ ತಾಳೆಯನ್ನು ದೇಹವು ಕ್ಷಣಕ್ಷಣಕ್ಕೂ ನೋಡುತ್ತಿರುತ್ತದೆ. ಸುಮ್ಮನೆ ನಿಂತಿದ್ದೇವೆ ಎಂದು ನಾವು ಭಾವಿಸುವಾಗಲೂ ದೇಹ ಒಂದಿಷ್ಟು ಮುಂದಕ್ಕೆ, ಒಂದಿಷ್ಟು ಹಿಂದಕ್ಕೆ ತೂಗುತ್ತಲೇ ಇರುತ್ತದೆ. ಆ ತೂಗಾಟವನ್ನು ಮಿದುಳು ಕೂಡಲೇ ಅರಿತು ಸ್ನಾಯುಗಳಿಂದ ಸರಿಪಡಿಸುತ್ತದೆ. ಈ ಕೆಲಸಕ್ಕೆ ಅದು ಮೂರು ಖಾತೆಗಳಿಂದ ವರದಿ ತರಿಸಿಕೊಳ್ಳುತ್ತದೆ.

ಮೊದಲನೆಯದು ಕಣ್ಣಿನ ಖಾತೆ. ಗೋಡೆ, ಬಾಗಿಲು, ಕಂಬ ಇವು ನೆಟ್ಟಗೆ ನಿಂತಿರುವುದನ್ನು ನೋಡಿ ನಾವೂ ನೆಟ್ಟಗಿದ್ದೇವೆಂದು ತಿಳಿಯುತ್ತೇವೆ. ಎರಡನೆಯದು ಒಳಗಿವಿಯ ಖಾತೆ. ಕಿವಿಯ ಒಳಭಾಗದಲ್ಲಿ ದ್ರವ ತುಂಬಿದ ಮೂರು ಅರ್ಧವೃತ್ತಾಕಾರದ ನಳಿಗೆಗಳಿವೆ. ತಲೆ ಯಾವ ಕಡೆಗೆ ತಿರುಗಿತೆಂಬುದನ್ನು ಅವು ಹೇಳುತ್ತವೆ. ಅವುಗಳ ಬಳಿಯಲ್ಲಿಯೇ ಇರುವ ಎರಡು ಪುಟ್ಟ ಚೀಲಗಳಲ್ಲಿ ಸುಣ್ಣದ ಸೂಕ್ಷ್ಮ ಹರಳುಗಳಿವೆ. ತಲೆ ಎತ್ತ ವಾಲಿತೆಂಬುದನ್ನು ಅವು ಹೇಳುತ್ತವೆ. ಮೂರನೆಯದು ಅಂಗಾಲು, ಕೀಲು, ಸ್ನಾಯುಗಳ ಖಾತೆ. ನೆಲ ಗಟ್ಟಿಯೋ ಮೆತ್ತಗೋ, ಇಳಿಜಾರೋ ಸಮವೋ, ಭಾರ ಹಿಮ್ಮಡಿಯ ಮೇಲಿದೆಯೋ ಬೆರಳುಗಳ ಮೇಲಿದೆಯೋ ಎಂಬುದೆಲ್ಲ ಅಲ್ಲಿಂದ ಬರುವ ಸುದ್ದಿ.

ಇದರಲ್ಲಿ ಕಣ್ಣಿನ ಪಾಲೆಷ್ಟು ಎಂಬುದನ್ನು ತಾವೇ ಪರೀಕ್ಷಿಸಬಹುದು. ಮನೆಗೆ ಹೋದ ಮೇಲೆ ಗಟ್ಟಿಯಾದ ಕುರ್ಚಿಯ ಪಕ್ಕದಲ್ಲಿ, ಯಾರನ್ನಾದರೂ ಹತ್ತಿರ ನಿಲ್ಲಿಸಿಕೊಂಡು, ಒಂಟಿ ಕಾಲಿನ ಮೇಲೆ ನಿಂತು ನೋಡಿರಿ. ಕಣ್ಣು ತೆರೆದಿದ್ದರೆ ಹತ್ತಿಪ್ಪತ್ತು ಅಂಕಿ ಎಣಿಸುವವರೆಗೆ ನಿಲ್ಲಬಲ್ಲವರು, ಕಣ್ಣು ಮುಚ್ಚಿದೊಡನೆ ಐದಕ್ಕೇ ಕುರ್ಚಿಗೆ ಕೈಹಾಕುತ್ತಾರೆ. 19ನೆಯ ಶತಮಾನದಲ್ಲಿ ಜರ್ಮನಿಯ ವೈದ್ಯ ಮೊರಿಟ್ಸ್ ರೋಂಬರ್ಗ್ ಇದನ್ನೇ ರೋಗಪರೀಕ್ಷೆಯ ವಿಧಾನವನ್ನಾಗಿ ಮಾಡಿದನು. ಕಾಲುಗಳಿಂದ ಬರುವ ಸುದ್ದಿ ಕೆಟ್ಟುಹೋದ ರೋಗಿಗಳು ಕಣ್ಣು ತೆರೆದಿರುವಾಗ ನಿಲ್ಲುತ್ತಿದ್ದರು, ಮುಚ್ಚಿದಾಗ ತೂರಾಡುತ್ತಿದ್ದರು. ಇಂದಿಗೂ ನರರೋಗ ವೈದ್ಯರು ಪಾದ ಜೋಡಿಸಿ ನಿಲ್ಲಿಸಿ ಕಣ್ಣು ಮುಚ್ಚಿಸಿ ನೋಡುವುದು ಈ ಪರೀಕ್ಷೆಗಾಗಿಯೇ.

ಇಷ್ಟು ಕೇಳಿದರೆ, ಕಣ್ಣೇ ದೊಡ್ಡ ಖಾತೆ, ಅದು ಮುಚ್ಚಿದರೆ ದಿವಾಳಿಯೇ ಸರಿ ಎಂದು ಯಾರಿಗಾದರೂ ಅನ್ನಿಸೀತು. ಆದರೆ ಕಣ್ಣು ನಂಬಿಗಸ್ತನಾದ ಗುಮಾಸ್ತನಂತೆ ತೋರಿದರೂ ಆಗಾಗ ಸುಳ್ಳು ಲೆಕ್ಕ ಬರೆಯುವುದುಂಟು. ಇದಕ್ಕೆ ನಮ್ಮವರು ಬಹಳ ಹಿಂದೆಯೇ ಒಂದು ದೃಷ್ಟಾಂತ ಕೊಟ್ಟಿದ್ದಾರೆ. ಗದುಗಿನ ವೀರನಾರಾಯಣನ ಸನ್ನಿಧಿಯಲ್ಲಿ ಕುಮಾರವ್ಯಾಸ ಹಾಡಿದ ಭಾರತದ ಕಥೆಯಲ್ಲಿ ಮಯನು ಪಾಂಡವರಿಗೆ ಕಟ್ಟಿಕೊಟ್ಟ ಸಭೆಯ ಪ್ರಸಂಗವಿದೆಯಷ್ಟೆ. ಅಲ್ಲಿ ದುರ್ಯೋಧನನಿಗೆ ನೆಲವು ನೀರಾಗಿ ಕಂಡಿತು, ಬಟ್ಟೆ ಎತ್ತಿಕೊಂಡು ನಡೆದನು. ನೀರು ನೆಲವಾಗಿ ಕಂಡಿತು, ಕಾಲಿಟ್ಟು ಮುಳುಗಿದನು. ಒಂದು ಸಂಗತಿಯನ್ನು ನಾವು ಗಮನಿಸಬೇಕು. ಮಯಸಭೆಯಲ್ಲಿ ಬಿದ್ದವನು ಎರಡು ಕಣ್ಣುಳ್ಳ ದುರ್ಯೋಧನ, ಹುಟ್ಟುಕುರುಡನಾದ ಅವನ ತಂದೆಯಲ್ಲ. ಧೃತರಾಷ್ಟ್ರನು ಅಲ್ಲಿಗೆ ಹೋಗಿದ್ದರೆ ಅಂಗಾಲಿನಿಂದ ನೆಲವನ್ನು ತಡವಿ ನೋಡಿಯೇ ಹೆಜ್ಜೆ ಇಡುತ್ತಿದ್ದನು.

ಇಂಥದೇ ಒಂದು ಮಯಸಭೆಯನ್ನು ಸ್ಕಾಟ್ಲಂಡಿನ ಎಡಿನ್‌ಬರೋದ ಡೇವಿಡ್ ಲೀ ಎಂಬ ವಿಜ್ಞಾನಿಯೂ ಅವರ ಸಹೋದ್ಯೋಗಿ ಎರಿಕ್ ಆರನ್‌ಸನ್ನರೂ ಕಟ್ಟಿದರು. ಅದರ ವರದಿ 1974ರಲ್ಲಿ ಪ್ರಕಟವಾಯಿತು. ನೆಲ ಕದಲದೆ, ಸುತ್ತಲಿನ ಗೋಡೆಗಳೂ ಮೇಲ್ಛಾವಣಿಯೂ ಮಾತ್ರ ತೊಟ್ಟಿಲಿನಂತೆ ಹಿಂದೆ ಮುಂದೆ ತೂಗುವ ಕೋಣೆಯದು. ಆಗತಾನೆ ನಿಲ್ಲಲು ಕಲಿತ ಕೂಸುಗಳನ್ನು ಅದರೊಳಗೆ ನಿಲ್ಲಿಸಿ ಗೋಡೆಯನ್ನು ಸ್ವಲ್ಪ ಸರಿಸಿದರು. ಕಾಲಕೆಳಗಿನ ನೆಲ ಅಲುಗಲಿಲ್ಲವಾದರೂ ಕೂಸುಗಳು ವಾಲಿದವು, ಕೆಲವು ಬಿದ್ದೇಬಿಟ್ಟವು. ಕಣ್ಣಿನ ವರದಿ ಅಂಗಾಲಿನ ವರದಿಯನ್ನು ಹೊಡೆದುಹಾಕಿತ್ತು.

ವರ್ಚುವಲ್ ರಿಯಾಲಿಟಿ ಎಂದರೆ, ಸ್ಥೂಲವಾಗಿ ಹೇಳುವುದಾದರೆ, ಮುಖಕ್ಕೆ ಕಟ್ಟಿಕೊಳ್ಳುವ ಮಯಸಭೆ. ಕಣ್ಣುಗಳ ಮುಂದೆ ಎರಡು ಚಿಕ್ಕ ಪರದೆಗಳಿರುತ್ತವೆ. ಒಂದೊಂದು ಕಣ್ಣಿಗೆ ತುಸು ಬೇರೆಯಾದ ಚಿತ್ರ ಕಾಣುವುದರಿಂದ ಆಳವೂ ದೂರವೂ ನಿಜವೆಂಬಂತೆ ತೋರುತ್ತವೆ. ತಲೆ ತಿರುಗಿಸಿದಂತೆ ಚಿತ್ರವೂ ತಿರುಗುತ್ತದೆ. ಅಮೆರಿಕದ ಇವಾನ್ ಸದರ್‌ಲ್ಯಾಂಡ್ 1968ರಲ್ಲಿ ಇಂಥ ಯಂತ್ರವನ್ನು ಮಾಡಿ ತೋರಿಸಿದಾಗ ಅದನ್ನು ಛಾವಣಿಯಿಂದ ತೂಗುಹಾಕಬೇಕಾಗಿತ್ತು. ಇಂದು ಅದು ಮಕ್ಕಳು ತಲೆಗೆ ಕಟ್ಟಿಕೊಂಡು ಆಡುವಷ್ಟು ಚಿಕ್ಕದಾಗಿದೆ. ಅನೇಕರು ಇದನ್ನು ಬರಿಯ ಆಟವೆಂದೇ ಬಲ್ಲರು.

ಆದರೆ ವೈದ್ಯರು ಇದರಲ್ಲಿ ಒಂದು ಉಪಯೋಗ ಕಂಡರು. ಎಡಿನ್‌ಬರೋದಲ್ಲಿ ಗೋಡೆಯನ್ನೇ ತೂಗಬೇಕಾಯಿತು. ಇಲ್ಲಿ ಚಿತ್ರವನ್ನು ತೂಗಿದರೆ ಸಾಕು. ರೋಗಿಯನ್ನು ಪಾದದ ಒತ್ತಡ ಅಳೆಯುವ ಹಲಗೆಯ ಮೇಲೆ ನಿಲ್ಲಿಸಿ, ಕಣ್ಣಿಗೆ ಚಲಿಸುವ ದೃಶ್ಯ ತೋರಿಸಿ, ದೇಹ ಎಷ್ಟು ತೂಗಾಡಿತೆಂದು ಕರಾರುವಾಕ್ಕಾಗಿ ಅಳೆಯಬಹುದು. ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಸ್ಯಾನ್ ಡಿಯಾಗೊ ಶಾಖೆಯ ಸಂಶೋಧಕರು ಗ್ಲಾಕೋಮಾ ರೋಗಿಗಳನ್ನು ಹೀಗೆ ಪರೀಕ್ಷಿಸಿ 2015ರಲ್ಲಿ ವರದಿ ಪ್ರಕಟಿಸಿದರು. ಚಲಿಸುವ ದೃಶ್ಯದ ಮುಂದೆ ಗ್ಲಾಕೋಮಾ ಇದ್ದವರು ಆರೋಗ್ಯವಂತರಿಗಿಂತ ಹೆಚ್ಚು ತೂಗಾಡಿದರು. ಹಿಂದೆ ಬಿದ್ದ ಅನುಭವಕ್ಕೂ ಈ ತೂಗಾಟಕ್ಕೂ ಸಂಬಂಧವಿರುವುದೂ ಕಂಡುಬಂತು.

ಗ್ಲಾಕೋಮಾ ಎಂದರೆ ಕಣ್ಣಿನ ನರ ಸದ್ದಿಲ್ಲದೆ ಸವೆಯುವ ರೋಗ. ನೇರನೋಟ ಬಹುಕಾಲ ಚೆನ್ನಾಗಿಯೇ ಇರುತ್ತದೆ, ಪಕ್ಕದ ನೋಟ ಮಾತ್ರ ಮೆಲ್ಲಮೆಲ್ಲನೆ ಹೋಗುತ್ತದೆ. ಅಂಥವರು ಪೇಪರು ಓದುತ್ತಾರೆ, ಪಾಸ್‌ಬುಕ್ಕಿನ ಅಂಕಿಗಳನ್ನೂ ಓದುತ್ತಾರೆ. ಹೀಗಾಗಿ ಮನೆಯವರಿಗೆ ಸಂಶಯವೇ ಬರುವುದಿಲ್ಲ. ಆದರೆ ನಡೆಯುವಾಗ ದೇಹವನ್ನು ಹಿಡಿದು ನಿಲ್ಲಿಸುವುದರಲ್ಲಿ ಪಕ್ಕದ ನೋಟದ ಪಾತ್ರ ದೊಡ್ಡದು. ಹಿರಿಯರು ಹೊಸ್ತಿಲು ಎಡವಿದರೆ, ಕೊನೆಯ ಪಾವಟಿಗೆ ತಪ್ಪಿದರೆ, "ವಯಸ್ಸಾಯಿತು" ಎಂದು ನಾವು ಸುಮ್ಮನಾಗುತ್ತೇವೆ. ಅದು ವಯಸ್ಸೇ ಆಗಿರಲಾರದು, ಕಣ್ಣು ಕೊಟ್ಟ ಮುನ್ಸೂಚನೆಯಾಗಿರಬಹುದು. ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 6 ಲಕ್ಷ 84 ಸಾವಿರ ಜನ ಬಿದ್ದ ಪೆಟ್ಟಿನಿಂದಲೇ ಸಾಯುತ್ತಾರೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ನಿವೃತ್ತರಾಗಿ ಪುಣೆಯ ಮೂರನೆಯ, ನಾಲ್ಕನೆಯ ಮಾಳಿಗೆಗಳಲ್ಲಿ ವಾಸಿಸುತ್ತಿರುವ ಹಿರಿಯರು ನಮ್ಮ ಸಂಘದಲ್ಲಿಯೇ ಬಹಳ ಮಂದಿ ಇದ್ದಾರೆ. ಆದುದರಿಂದ ಇದು ದೂರದ ಮಾತಲ್ಲ.

ಕಣ್ಣು ಸ್ವಲ್ಪವಾದರೂ ಇದ್ದವರ ಮಾತಾಯಿತು. ದೃಷ್ಟಿದೋಷವುಳ್ಳವರಲ್ಲಿ ಹೆಚ್ಚಿನವರು ಈ ಬಗೆಯವರೇ. ಏನೂ ಕಾಣದವರಿಗೆ ಪರದೆಯಿಂದ ಏನು ಪ್ರಯೋಜನ ಎಂದು ತಾವು ಕೇಳಬಹುದು. ಪರದೆಯಿಂದ ಇಲ್ಲ, ನಿಜ. ಆದರೆ ಮಯಸಭೆಯನ್ನು ಶಬ್ದದಿಂದಲೂ ಸ್ಪರ್ಶದಿಂದಲೂ ಕಟ್ಟಬಹುದು. 2018ರಲ್ಲಿ ಮೈಕ್ರೊಸಾಫ್ಟಿನ ಸಂಶೋಧಕರು ದೃಷ್ಟಿಹೀನರಿಗಾಗಿ ಒಂದು ಕೋಲನ್ನು ತಯಾರಿಸಿ ತೋರಿಸಿದರು. ಅದು ಸೊಂಟಕ್ಕೆ ಕಟ್ಟಿದ ತಡೆಯಂತ್ರಕ್ಕೆ ಜೋಡಿಸಿದ ಕೋಲು. ಖಾಲಿ ಕೋಣೆಯಲ್ಲಿ ನಡೆಯುವಾಗ, ಇಲ್ಲದ ಗೋಡೆಗೆ ಅದು ತಾಗಿದರೆ ತಡೆ ಬಿಗಿದು ಕೋಲು ನಿಲ್ಲುತ್ತದೆ. ಕೈಗೆ ಕಂಪನ ಬರುತ್ತದೆ, ಕಿವಿಗೆ ತಾಗಿದ ಸದ್ದು ಆ ದಿಕ್ಕಿನಿಂದಲೇ ಕೇಳುತ್ತದೆ. ರಸ್ತೆ ದಾಟುವ ಅಭ್ಯಾಸವನ್ನು ನಿಜವಾದ ಮೋಟಾರು ಇಲ್ಲದೆ ಮಾಡಿಸಬಹುದು. ಪುಣೆಯ ರಸ್ತೆಗಳನ್ನು ಬಲ್ಲ ನಮಗೆ ಇದರ ಬೆಲೆ ತಿಳಿಯದೆ ಹೋಗದು.

ಸ್ಪರ್ಶದ ವಿಷಯದಲ್ಲಿ ಇನ್ನೊಂದು ಸೋಜಿಗದ ಸಂಗತಿಯಿದೆ. ಜಾನ್ ಜೇಕಾ, ಜೇಮ್ಸ್ ಲ್ಯಾಕ್ನರ್ ಎಂಬ ಅಮೆರಿಕದ ವಿಜ್ಞಾನಿಗಳು 1994ರಲ್ಲಿ ತೋರಿಸಿಕೊಟ್ಟಂತೆ, ನಿಂತವನು ಬೆರಳ ತುದಿಯಿಂದ ಸ್ಥಿರವಾದ ವಸ್ತುವೊಂದನ್ನು ಮೆಲ್ಲಗೆ ಮುಟ್ಟಿದರೂ ತೂಗಾಟ ಬಹಳ ಕಡಿಮೆಯಾಗುತ್ತದೆ. ಆ ಮುಟ್ಟುವಿಕೆಯ ಭಾರ 100 ಗ್ರಾಮನ್ನೂ ಮೀರಬೇಕಾಗಿಲ್ಲ. ಅಂದರೆ ಬೆರಳು ದೇಹವನ್ನು ಎತ್ತಿ ಹಿಡಿಯುತ್ತಿಲ್ಲ, ಸುದ್ದಿ ಕೊಡುತ್ತಿದೆ ಅಷ್ಟೆ. ದೃಷ್ಟಿಹೀನರ ಕೈಯಲ್ಲಿರುವ ಬಿಳಿಯ ಕೋಲು ಊರುಗೋಲಲ್ಲ, ಉದ್ದವಾದ ಬೆರಳು ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಈ ಯಂತ್ರಗಳ ಮಿತಿಯನ್ನೂ ಹೇಳದಿದ್ದರೆ ಲೆಕ್ಕ ಪೂರ್ತಿಯಾಗದು. ಕೆಲವರಿಗೆ ಇವನ್ನು ಕಟ್ಟಿಕೊಂಡರೆ ತಲೆ ಸುತ್ತಿ ಓಕರಿಕೆ ಬರುತ್ತದೆ. ಈವರೆಗಿನ ಪ್ರಯೋಗಗಳಲ್ಲಿ ಹೆಚ್ಚಿನವು ಸಣ್ಣ ಗುಂಪುಗಳ ಮೇಲೆ ನಡೆದವು. ಯಂತ್ರದೊಳಗೆ ಕಲಿತದ್ದು ಬೀದಿಯಲ್ಲಿಯೂ ಉಳಿದರೆ ಮಾತ್ರ ಅದು ವಿದ್ಯೆ. ಯಂತ್ರದಿಂದ ಕಣ್ಣು ಬರುವುದಿಲ್ಲ. ಅದು ಕೊಡುವುದು ಒಂದೇ: ಪೆಟ್ಟಾಗದಂತೆ ತಪ್ಪು ಹೆಜ್ಜೆ ಇಟ್ಟು ಕಲಿಯಲು ಒಂದು ಜಾಗ.

ಅಂಥ ಜಾಗ ನಮ್ಮಲ್ಲಿ ಬಹಳ ಹಳೆಯದು. ಅದಕ್ಕೆ ವಿದ್ಯುತ್ತು ಬೇಡ, ಒಂದು ಕಂಬ ಸಾಕು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಮಲ್ಲರು ಕಂಬದ ಮೇಲೆ ಮಾಡುವ ವ್ಯಾಯಾಮದ ಉಲ್ಲೇಖವಿದೆ. ಆ ವಿದ್ಯೆ ಮರೆಯಾಗುತ್ತಿದ್ದ ಕಾಲದಲ್ಲಿ ಅದನ್ನು ಮತ್ತೆ ಬೆಳೆಸಿದವರು ಎರಡನೆಯ ಬಾಜೀರಾವ ಪೇಶವೆಯ ವ್ಯಾಯಾಮ ಗುರುಗಳಾಗಿದ್ದ ಬಾಳಂಭಟ್ಟ ದಾದಾ ದೇವಧರರು. ಕನ್ನಡ ದೊರೆಯ ಗ್ರಂಥದಲ್ಲಿ ಕಂಡ ವಿದ್ಯೆ ಪೇಶವೆಯರ ಕಾಲದಲ್ಲಿ ಮರುಜೀವ ಪಡೆಯಿತೆಂಬುದು ಪುಣೆಯ ಕನ್ನಡಿಗರಾದ ನಮಗೆ ಎರಡು ಪಟ್ಟು ಹೆಮ್ಮೆಯ ಸಂಗತಿ.

ಹರಳೆಣ್ಣೆ ಸವರಿದ ನುಣುಪಾದ ಕಂಬವನ್ನು ಏರುವವನಿಗೆ ಕಣ್ಣಿನಿಂದ ಆಗುವ ಕೆಲಸ ಕಡಿಮೆ. ತೊಡೆ, ಮೊಣಕಾಲು, ಹೆಬ್ಬೆರಳು, ಕಂಕುಳು ಎಲ್ಲಿ ಹಿಡಿದಿವೆ ಎಂಬುದನ್ನು ಚರ್ಮವೇ ಹೇಳಬೇಕು. ತಲೆಕೆಳಗಾದಾಗ ಮೇಲು ಯಾವುದು, ಕೆಳಗು ಯಾವುದು ಎಂಬುದನ್ನು ಒಳಗಿವಿಯೇ ಹೇಳಬೇಕು. ಇದನ್ನು ಮನಗಂಡು ಮುಂಬಯಿಯ ಮಲ್ಲಕಂಬದ ಗುರು ಉದಯ ದೇಶಪಾಂಡೆಯವರು ದಾದರದ ಕಮಲಾ ಮೆಹತಾ ಅಂಧ ಶಾಲೆಯ ಹುಡುಗಿಯರಿಗೆ ಹಗ್ಗದ ಮಲ್ಲಕಂಬವನ್ನು ಕಲಿಸಿದರು. 1900ರಲ್ಲಿ ಆರಂಭವಾದ ಶಾಲೆಯದು. ಅವರಿಗೆ 2024ರಲ್ಲಿ ಪದ್ಮಶ್ರೀ ಬಂತು. ಅಷ್ಟು ದೂರವೇಕೆ, ನಮ್ಮ ಗದಗ ಜಿಲ್ಲೆಯ ಹೊಳೆಆಲೂರಿನ ಜ್ಞಾನಸಿಂಧು ಅಂಧ ಮಕ್ಕಳ ವಸತಿ ಶಾಲೆಯ ಮಕ್ಕಳೂ ಮಲ್ಲಕಂಬವನ್ನು ಮಾಡಿ ತೋರಿಸಿ ಜನಮನ್ನಣೆ ಪಡೆದಿದ್ದಾರೆ. ನೋಡಿದವರು ಇದನ್ನು ಪವಾಡವೆನ್ನುತ್ತಾರೆ. ಅದು ಪವಾಡವಲ್ಲ. ಉಳಿದೆರಡು ಖಾತೆಗಳಲ್ಲಿ ದಿನದಿನವೂ ಜಮಾ ಮಾಡಿದ ದುಡಿಮೆಯ ಫಲ.

ಕಣ್ಣು ಹೋದರೆ ಮಿಕ್ಕ ಇಂದ್ರಿಯಗಳು ತಾವಾಗಿಯೇ ಚುರುಕಾಗುತ್ತವೆ ಎಂಬ ನಂಬಿಕೆ ಜನರಲ್ಲಿದೆ. ಇದು ಅರ್ಧ ಸತ್ಯ. ಹುಟ್ಟಿನಿಂದ ಕಣ್ಣಿಲ್ಲದ ಕೂಸುಗಳು ಸಾಮಾನ್ಯವಾಗಿ ತಡವಾಗಿ ಅಂಬೆಗಾಲಿಡುತ್ತವೆ, ತಡವಾಗಿ ನಡೆಯುತ್ತವೆ. ಎದುರಿಗಿದ್ದ ಆಟಿಕೆ ಕಣ್ಣಿಗೆ ಬಿದ್ದು ಕರೆದರಲ್ಲವೆ ಕೂಸು ಅತ್ತ ತೆವಳುವುದು? ಖಾತೆ ತೆರೆದಿದ್ದರೆ ಸಾಲದು, ವ್ಯವಹಾರ ನಡೆಯಬೇಕು. ನಡೆಯದ ಖಾತೆ ಬ್ಯಾಂಕಿನಲ್ಲಿ ಹೇಗೆ ನಿಷ್ಕ್ರಿಯವಾಗುವುದೋ ದೇಹದಲ್ಲಿಯೂ ಹಾಗೆಯೇ.

ನಮ್ಮ ಸಹೋದ್ಯೋಗಿ ವಿಜಾಪುರ ಸೀಮೆಯವರು. ದೃಷ್ಟಿಹೀನರಿಗೂ ಮಂದದೃಷ್ಟಿಯವರಿಗೂ ಸರಕಾರಿ ನೌಕರಿಯಲ್ಲಿ ನೂರಕ್ಕೆ ಒಂದರಂತೆ ಸ್ಥಾನ ಕಾದಿರಿಸಿದ 2016ರ ಕಾಯದೆ ಬ್ಯಾಂಕುಗಳ ಬಾಗಿಲನ್ನೂ ತೆರೆದಿದೆ. ಆ ಬಾಗಿಲಿನಿಂದ ಬಂದವರು ಅವರು. ಕಂಪ್ಯೂಟರು ಓದಿ ಹೇಳುವುದನ್ನು ಕಿವಿಯಿಂದ ಕೇಳುತ್ತ ನಮ್ಮಷ್ಟೇ ವೇಗವಾಗಿ ಲೆಕ್ಕ ಮಾಡುತ್ತಾರೆ. ಒಂದು ಸಂಜೆ ಕರೆಂಟು ಹೋಗಿ ಜಿನೆಯಲ್ಲಿ ಕತ್ತಲೆ ಕವಿದಾಗ ನಾವೆಲ್ಲ ಗೋಡೆ ತಡವುತ್ತ ನಿಂತಿದ್ದೆವು. ಅವರು ಮುಂದಾಗಿ, "ನನ್ನ ಹೆಗಲ ಹಿಡೀರಿ ಸರ, ಹದಿನೆಂಟು ಪಾವಟಿಗಿ ಅದಾವು" ಎಂದು ಎಲ್ಲರನ್ನೂ ಇಳಿಸಿಕೊಂಡು ಬಂದರು.

ಇಂಥ ಸಾಮರ್ಥ್ಯ ಎಲ್ಲಿಂದ ಬಂತೆಂದು ಕೇಳಿದಾಗ ಅವರು ಹೇಳಿದ ಮಾತು ನಮ್ಮ ಮನಸ್ಸಿನಲ್ಲಿ ನಿಂತಿದೆ. ಚಿಕ್ಕಂದಿನಲ್ಲಿ ಅವರ ತಾಯಿ, ಮಗ ಬಿದ್ದಾನೆಂಬ ಅಂಜಿಕೆಯಿಂದ, ಅವರನ್ನು ದಿನವಿಡೀ ಕಟ್ಟೆಯ ಮೇಲೆ ಕೂಡ್ರಿಸುತ್ತಿದ್ದರಂತೆ. ಓರಗೆಯ ಹುಡುಗರು ಹೊಲ ಹಳ್ಳ ಸುತ್ತುವಾಗ ಅವರಿಗೆ ಕಟ್ಟೆಯೇ ಜಗತ್ತು. ಹನ್ನೆರಡನೆಯ ವಯಸ್ಸಿನಲ್ಲಿ ವಸತಿ ಶಾಲೆಗೆ ಸೇರಿದಾಗ ಸಮನೆಲದ ಮೇಲೆಯೂ ಕಾಲು ನಡುಗುತ್ತಿತ್ತು. ಅಲ್ಲಿ ಓಡಿಸಿದರು, ಹಗ್ಗ ಹತ್ತಿಸಿದರು, ಮಣ್ಣಿನಲ್ಲಿ ಬೀಳಲು ಬಿಟ್ಟರು. "ಕಣ್ಣ ಹೋದದ್ದಕ್ಕ ನಾ ಬೀಳತಿರಲಿಲ್ಲ ಸರ, ಕೂತು ಕೂತು ಬೀಳತಿದ್ದೆ" ಎಂದರು. ತಾಯಿಯನ್ನು ಅವರು ದೂರಲಿಲ್ಲ. ಆಕೆಗೆ ಬೇರೆ ದಾರಿಯನ್ನು ತೋರಿಸುವವರು ಆ ಊರಿನಲ್ಲಿ ಯಾರಿದ್ದರು?

ನಾವು ಹೇಳಬೇಕೆಂದಿರುವುದು ಈ ಒಂದು ಮಾತಿನಲ್ಲಿದೆ. ನಮ್ಮ ನಾಡು ಅಂಧರಿಗೆ ಮಹೋಪಕಾರ ಮಾಡಿದೆ. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳೂ, ಅವರ ತರುವಾಯ 2010ರವರೆಗೆ ಬಾಳಿದ ಪುಟ್ಟರಾಜ ಗವಾಯಿಗಳೂ, ತಾವೇ ದೃಷ್ಟಿಹೀನರಾಗಿದ್ದು, ಎಷ್ಟೋ ಅಂಧ ಮಕ್ಕಳಿಗೆ ಅನ್ನವನ್ನೂ ಸಂಗೀತವನ್ನೂ ಕೊಟ್ಟರು. ಆ ಋಣ ತೀರುವಂಥದಲ್ಲ. ಕುಳಿತು ಸಾಧಿಸುವ ವಿದ್ಯೆ ಹೀಗೆ ದೊರಕಿತು. ಅದರ ಜೊತೆಗೆ ನಿಂತು, ಓಡಿ, ಏರಿ ಸಾಧಿಸುವ ವಿದ್ಯೆಯೂ ಪ್ರತಿ ಮಗುವಿಗೆ ದೊರಕಬೇಕು. ದೊರಕಿದರೆ ಏನಾಗುವುದೆಂಬುದಕ್ಕೆ ಶಿವಮೊಗ್ಗ ಜಿಲ್ಲೆಯ ಶೇಖರ್ ನಾಯಕರನ್ನು ನೋಡಿರಿ. ಗಲಗಲ ಸದ್ದು ಮಾಡುವ ಚೆಂಡನ್ನು ಕಿವಿಯಿಂದ ಹಿಂಬಾಲಿಸಿ ಆಡುವ ಅಂಧರ ಕ್ರಿಕೆಟ್ಟಿನಲ್ಲಿ, 2012ರಲ್ಲಿ ಬೆಂಗಳೂರಿನಲ್ಲಿ ನಡೆದ ಮೊದಲ ಟಿ-20 ವಿಶ್ವಕಪ್ಪನ್ನು ಭಾರತ ಗೆದ್ದಾಗ ಅವರೇ ನಾಯಕರು. 2017ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಬಾಗಿ, ಹೊರಳಿ, ಓಡಿ ಆಡುವ ಆ ಆಟದಲ್ಲಿ ಸಮತೋಲವೇ ಬಂಡವಾಳ.

ಹಾಗಾದರೆ ನಮ್ಮಿಂದ ಆಗಬೇಕಾದುದೇನು? ದೊಡ್ಡ ಯಂತ್ರ ಕೊಳ್ಳುವ ಶಕ್ತಿ ಸಂಘಕ್ಕಿಲ್ಲ. ಆಗುವಂಥ ನಾಲ್ಕು ಕೆಲಸಗಳನ್ನು ಸೂಚಿಸುತ್ತೇವೆ.

ಮೊದಲನೆಯದು, ನಮ್ಮ ಮನೆಗಳಲ್ಲಿ ನಲವತ್ತು ದಾಟಿದವರೆಲ್ಲರೂ ಆಗಾಗ ಕಣ್ಣಿನ ಒತ್ತಡವನ್ನೂ ಪಕ್ಕದ ನೋಟವನ್ನೂ ವೈದ್ಯರಿಂದ ಪರೀಕ್ಷಿಸಿಕೊಳ್ಳಬೇಕು. ಕನ್ನಡಕದ ನಂಬರು ನೋಡಿಸಿದರೆ ಮಾತ್ರ ಸಾಲದು. ಹಡಪಸರದ ಕಡೆ ಮಹಮ್ಮದವಾಡಿಯಲ್ಲಿ ಪೂನಾ ಬ್ಲೈಂಡ್ ಮೆನ್ಸ್ ಅಸೋಸಿಯೇಶನ್ನಿನವರು ನಡೆಸುವ ಎಚ್. ವಿ. ದೇಸಾಯಿ ಕಣ್ಣಿನ ಆಸ್ಪತ್ರೆ ನಮ್ಮ ಊರಿನಲ್ಲಿಯೇ ಇದೆ.

ಎರಡನೆಯದು, ಸಭಾಗೃಹಗಳ ಪಾವಟಿಗೆಗಳ ಅಂಚಿಗೆ ಎದ್ದುಕಾಣುವ ಹಳದಿ ಪಟ್ಟಿ ಹಚ್ಚಿಸುವುದು, ಜಿನೆಯ ಕೊನೆಯ ಪಾವಟಿಗೆಯವರೆಗೂ ಕೈಹಿಡಿ ಇರುವಂತೆ ನೋಡಿಕೊಳ್ಳುವುದು. ಒಂದು ಡಬ್ಬಿ ಬಣ್ಣದ ಖರ್ಚು ಒಂದು ಮುರಿದ ಸೊಂಟದ ಖರ್ಚಿಗಿಂತ ಬಹಳ ಕಡಿಮೆ. ಲೆಕ್ಕದವರಾದ ನಮ್ಮ ಮಾತನ್ನು ಇಷ್ಟರಲ್ಲಿ ನಂಬಬಹುದು.

ಮೂರನೆಯದು, ದೃಷ್ಟಿಹೀನರಿಗೆ ನೆರವಾಗುವಾಗ ಅವರ ರಟ್ಟೆ ಹಿಡಿದು ಎಳೆಯಬಾರದು. ಎಳೆದಾಗ ಅವರ ಸಮತೋಲದ ಲೆಕ್ಕವೆಲ್ಲ ಕೆಡುತ್ತದೆ. ನಮ್ಮ ಮೊಣಕೈಯನ್ನು ಅವರಿಗೆ ಕೊಟ್ಟು ಅರ್ಧ ಹೆಜ್ಜೆ ಮುಂದೆ ನಡೆದರೆ, ಏರು ತಗ್ಗುಗಳ ಸುದ್ದಿ ಆ ಒಂದು ಸ್ಪರ್ಶದಿಂದಲೇ ಅವರಿಗೆ ತಲುಪುತ್ತದೆ.

ನಾಲ್ಕನೆಯದು, ಪುಣೆಯ ಅಂಧ ಶಾಲೆಗಳ ಮಕ್ಕಳನ್ನು ನಮ್ಮ ಸಮಾರಂಭಕ್ಕೆ ಕರೆಯೋಣ. ಕರೆದು, ಸಾಲಾಗಿ ಕೂಡ್ರಿಸಿ ಹಣ್ಣು ಹಂಚುವುದು ಬೇಡ. ವಯಸ್ಸಾದ ಮೇಲೆ ಬಂದ ಮಂದದೃಷ್ಟಿಯಿಂದ ಮನೆ ಬಿಟ್ಟು ಹೊರಬೀಳಲು ಅಂಜುವ ನಮ್ಮ ಹಿರಿಯರಿಗೆ, ಕೋಲು ಹಿಡಿದು ನಡೆಯುವುದು ಹೇಗೆಂದು ಆ ಶಾಲೆಗಳ ಗುರುಗಳಿಂದಲೂ ಮಕ್ಕಳಿಂದಲೂ ಹೇಳಿಸೋಣ. ಕಲಿಸುವವರು ಅವರು, ಕಲಿಯುವವರು ನಾವು.

ಕಟ್ಟೆಯ ಮೇಲೆ ಕುಳಿತ ಮಗು ನಮ್ಮ ಬಳಗದಲ್ಲಿ ಎಲ್ಲಿಯಾದರೂ ಇದ್ದರೆ, ಅದರ ತಾಯ್ತಂದೆಗಳಿಗೆ ಈ ಮಾತನ್ನು ಮುಟ್ಟಿಸುವ ಭಾರ ತಮ್ಮದು. ಮಗು ಬೀಳಲಿ, ಏಳಲಿ. ಬೀಳುವಲ್ಲಿ ಮಣ್ಣು ಮೆತ್ತಗಿರುವಂತೆ ನೋಡಿಕೊಂಡರೆ ಸಾಕು.